ಮಗ ಗುಲಾಬಿ ಬ್ಯಾಗೇ ಬೇಕು ಅಂತಿದ್ದಾನೆ, ಏನು ಮಾಡಲಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಬಾಗಲಕೋಟೆ ನವನಗರದಿಂದ

ಮಗನಿಗೆ ನಾಲ್ಕು ವರ್ಷ ತುಂಬಿದೆ. ಜೂನ್‌ನಲ್ಲಿ ಎಲ್‌ಕೆಜಿಗೆ ಹೋಗಬೇಕು. ಅಂಗಡಿಯಲ್ಲಿ ಗುಲಾಬಿ ಬಣ್ಣದ ಬ್ಯಾಗನ್ನೇ ಹಿಡ್ಕೊಂಡು ನಿಂತ. ಅಂಗಡಿಯವರು "ಅದು ಹುಡುಗ್ಯಾರದು" ಅಂತ ನೀಲಿ ಬ್ಯಾಗ್ ಕೈಗೆ ಕೊಟ್ಟರು. ಅಳ್ತಾ ಅಳ್ತಾ ಮನೆಗೆ ಬಂದ. ಮನೆಯಲ್ಲೂ ಅಕ್ಕನ ಅಡಿಗೆ ಆಟದ ಸಾಮಾನೇ ಅವನಿಗೆ ಇಷ್ಟ. "ಗಂಡ್ಹುಡುಗ ಒಲಿ ಮುಂದ ಕೂತ್ರ ಛಂದ ಕಾಣ್ತದೇನು" ಅಂತ ಅತ್ತೆಯವರು ಬೇಜಾರು ಮಾಡ್ಕೊಳ್ತಾರೆ. ನನಗೆ ಇದರಲ್ಲಿ ತಪ್ಪೇನೂ ಕಾಣ್ತಿಲ್ಲ. ಆದರೆ ಶಾಲೆಯಲ್ಲಿ ಬೇರೆ ಮಕ್ಕಳು ಕಾಡಿಸಿದರೆ ಅನ್ನೋ ಹೆದರಿಕೆ ಇದೆ. ಬ್ಯಾಗ್ ಇನ್ನೂ ತಂದಿಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ರಿ?

ಬೆಳಗಾವಿ ಟಿಳಕವಾಡಿಯಿಂದ, ಇಬ್ಬರು ಮಕ್ಕಳ ತಾಯಿ

ತಂಗೀ, ಬ್ಯಾಗ್ ತಂದುಬಿಡ್ರಿ. ಕೂಸು ಕೇಳ್ತಿರೋದು ಒಂದು ಬಣ್ಣ, ಅಷ್ಟೇ.

ಅತ್ತೆಯವರ ಜೊತೆ ವಾದಕ್ಕೆ ಇಳೀಬೇಡಿ. ನಮ್ಮ ಮನೆಯಲ್ಲಿ ವಾದದಿಂದ ಏನೂ ಆಗಲಿಲ್ಲ. ನಾದಿನಿ ಮದುವೆಯ ಆಲ್ಬಮ್ ತೆಗೆದು ತೋರಿಸಿದಾಗ ಆಯ್ತು. ಅದರಲ್ಲಿ ನಮ್ಮ ಮಾವನವರು, ಅವರ ತಮ್ಮಂದಿರು ಎಲ್ಲರೂ ಗುಲಾಬಿ ಪಟಗಾ ಸುತ್ತಿಕೊಂಡು ನಿಂತಿದ್ದಾರೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಖರೇನ ಬಿಡು" ಅಂದರು. ಗಣಪತಿ ಕಳಿಸುವ ದಿನ ನಮ್ಮೂರಿನ ಗಂಡಸರ ಮುಖ, ಅಂಗಿ ಎಲ್ಲಾ ಗುಲಾಲು. ನಿಮ್ಮ ಬಾಗಲಕೋಟೆ ಹೋಳಿಯಲ್ಲಂತೂ ಬಂಡಿ ತುಂಬಾ ಬಣ್ಣದ ನೀರು ತುಂಬ್ಕೊಂಡು ಬರ್ತಾರೆ. ಇದು ಹುಡುಗ್ಯಾರ ಬಣ್ಣ ಅಂತ ಅಲ್ಲಿ ಯಾರಾದರೂ ಹಿಂದೆ ಸರೀತಾರಾ?

ಗುಲಾಬಿ ಹುಡುಗಿಗೆ, ನೀಲಿ ಹುಡುಗನಿಗೆ ಅನ್ನೋದು ನಮ್ಮ ಹಿರಿಯರ ಮಾತಲ್ಲ. ಅದು ಹುಟ್ಟಿದ ಕಡೆಯೂ ಅಷ್ಟೇನೂ ಹಳೇದಲ್ಲ. ಅಮೆರಿಕದಲ್ಲಿ ಮಕ್ಕಳ ಬಟ್ಟೆ ವ್ಯಾಪಾರಿಗಳಿಗಾಗಿ ಬರ್ತಿದ್ದ ಒಂದು ಪತ್ರಿಕೆ 1918ರಲ್ಲಿ ಇದನ್ನೇ ಉಲ್ಟಾ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ಅದಕ್ಕೇ ಹುಡುಗರಿಗೆ. ನೀಲಿ ನಾಜೂಕು, ಅದು ಹುಡುಗಿಯರಿಗೆ! ಎರಡನೇ ಮಹಾಯುದ್ಧ ಮುಗಿದ ಮೇಲೆ ಈಗಿನ ರೂಢಿ ಗಟ್ಟಿಯಾಯ್ತು. ಮಾರುವವರಿಗೆ ಇದು ಅನುಕೂಲ. ಅಕ್ಕನ ಸೈಕಲ್ ತಮ್ಮನಿಗೆ ಬರೋದಿಲ್ಲ ಅಂದರೆ ಇನ್ನೊಂದು ಸೈಕಲ್ ಮಾರಾಟ ಆಗ್ತದೆ. ನಮ್ಮ ಅಜ್ಜಿಯರು ಹೊಲಿದ ಕೌದಿ ನೋಡಿ. ಹಳೇ ಸೀರೆಯ ಎಲ್ಲಾ ಬಣ್ಣವೂ ಅದರಲ್ಲಿ ಇರ್ತದೆ, ಅಕ್ಕ ಮಲಗಿದ ಕೌದಿಯ ಮೇಲೆ ತಮ್ಮನೂ ಮಲಗಿ ದೊಡ್ಡವನಾದ.

ಅಮೀನಗಡದಿಂದ

ಅಕ್ಕಾ, ಅಡಿಗೆ ಆಟದ ಬಗ್ಗೆ ನಾಲ್ಕು ಮಾತು. ನಮ್ಮೂರ ಕರದಂಟಿನ ಕಡಾಯಿ ಮುಂದೆ ನಿಂತವರು ಜಾಸ್ತಿ ಗಂಡಸರು. ಬೆಳಗಾವಿ ಕುಂದಾ ಮಾಡುವವರೂ ಹಾಗೇ. ಮದುವೆ ಮನೆಯಲ್ಲಿ ಸಾವಿರ ಮಂದಿಗೆ ಬೇಯಿಸೋದೂ ಗಂಡಸರೇ. ಇಳಕಲ್, ಗುಳೇದಗುಡ್ಡದ ಕಡೆ ಸೀರೆ, ಖಣ ನೇಯುತ್ತಾ ಜೀವನ ಮಾಡಿದ ಗಂಡಸರು ಎಷ್ಟು ಜನ! ಹುಡುಗ ರೊಟ್ಟಿ ಬಡಿಯುವ ಆಟ ಆಡಿದರೆ ಆಡಲಿ. ಮುಂದೆ ಊರು ಬಿಟ್ಟು ಓದೋಕೆ ಹೋದಾಗ ಅವನ ಹೊಟ್ಟೆ ಅವನೇ ನೋಡ್ಕೊಳ್ತಾನೆ.

ಬೈಲಹೊಂಗಲ ತಾಲ್ಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ

ಕಾಡಿಸುವ ವಿಷಯಕ್ಕೆ ನಾನು ಹೇಳ್ತೀನಿ, ದಿನಾ ನೋಡೋದು ಅದನ್ನೇ.

ಮಕ್ಕಳು ಎರಡು-ಮೂರು ವರ್ಷಕ್ಕೆ ತಾನು ಹುಡುಗ, ತಾನು ಹುಡುಗಿ ಅಂತ ಹೇಳೋಕೆ ಶುರು ಮಾಡ್ತಾರೆ. ಐದಾರು ವರ್ಷದ ಹೊತ್ತಿಗೆ ಅವರೇ ದೊಡ್ಡವರಿಗಿಂತ ಕಟ್ಟುನಿಟ್ಟು. "ನೀ ಗೊಂಬಿ ಮುಟ್ಟಬ್ಯಾಡ" ಅಂತ ಒಬ್ಬರಿಗೊಬ್ಬರು ಹೇಳ್ತಾರೆ. ಆಮೇಲೆ ತಾನಾಗೇ ಸಡಿಲ ಆಗ್ತದೆ. ಹಾಗಾಗಿ ಈಗ ಯಾರಾದರೂ ಕಾಡಿಸಬಹುದು, ನಿಮ್ಮ ಹೆದರಿಕೆ ಸುಳ್ಳಲ್ಲ. ಮಗುವಿಗೆ ಒಂದು ಉತ್ತರ ಕಲಿಸಿ ಕಳಿಸಿ. "ನನಗ ಈ ಬಣ್ಣ ಸೇರ್ತದ" ಅಂದರೆ ಸಾಕು. ಮನೆಯಲ್ಲಿ ಆಟದ ಹಾಗೆ ಹೇಳಿಸಿ. ನೀವು ಕಾಡಿಸುವ ಹುಡುಗ ಆಗಿ, ಅವನು ಉತ್ತರ ಕೊಡಲಿ. ಶಾಲೆ ಶುರುವಾಗುವ ಮೊದಲೇ ಟೀಚರ್‌ಗೂ ಒಂದು ಮಾತು ಹೇಳಿಡಿ.

ನಮ್ಮ ಕೇಂದ್ರದಲ್ಲಿ ಗೊಂಬೆ ಒಂದು ಮೂಲೆ, ಲಾರಿ ಇನ್ನೊಂದು ಮೂಲೆ ಇದ್ದವು. ಎಲ್ಲಾ ಒಂದೇ ಬುಟ್ಟಿಗೆ ಹಾಕಿದೆ. ಈಗ ಲಾರಿಯಲ್ಲಿ ಗೊಂಬೆ ಕೂಡಿಸ್ಕೊಂಡು ದವಾಖಾನೆಗೆ ಕರ್ಕೊಂಡು ಹೋಗ್ತಾರೆ, ಹುಡುಗರೂ ಹುಡುಗಿಯರೂ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ, ಆಷಾಢದಲ್ಲಿ ಗುಳ್ಳವ್ವನ್ನ ಮಾಡುವಾಗ ಎಲ್ಲರ ಕೈಗೂ ಮಣ್ಣು ಕೊಡ್ತೀನಿ.

ಇನ್ನೊಂದು ನನ್ನ ಮನಸ್ಸಿಗೆ ಹತ್ತಿದ ಮಾತು. ಕಿತ್ತೂರು ಚೆನ್ನಮ್ಮನ ಸಮಾಧಿ ಇರೋದು ನಮ್ಮ ಬೈಲಹೊಂಗಲದಲ್ಲಿ. ರಾಜ್ಯೋತ್ಸವಕ್ಕೆ ಮನೆಮನೆಯ ಹುಡುಗಿಗೂ ಚೆನ್ನಮ್ಮನ ವೇಷ ಹಾಕಿ ಕೈಗೆ ಕತ್ತಿ ಕೊಡ್ತೀವಿ, ಚಪ್ಪಾಳೆ ಹೊಡೀತೀವಿ. ಮರುದಿನ ಅದೇ ಹುಡುಗಿ ಕತ್ತಿ ಹಿಡಿದು ಆಡಿದರೆ ಬೈತೀವಿ. ಯಾಕೆ?

ವಿಜಯಪುರದಿಂದ, ಒಬ್ಬ ತಂದೆ

ಹೆಣ್ಣು ಮಕ್ಕಳ ಕಡೆಯಿಂದಲೂ ನೋಡಬೇಕು. ಹುಡುಗ ಗುಲಾಬಿ ಕೇಳಿದರೆ ಮನೆಯೆಲ್ಲಾ ಮಾತಾಗ್ತದೆ. ಹುಡುಗಿಗೆ ಬ್ಲಾಕ್, ಬ್ಯಾಟ್ ಸುಮ್ನೆ ಯಾರೂ ಕೊಡಿಸೋದೇ ಇಲ್ಲ, ಅದು ಯಾರ ಕಣ್ಣಿಗೂ ಬೀಳೋದಿಲ್ಲ. ನನ್ನ ಮಗಳ ಹುಟ್ಟುಹಬ್ಬಕ್ಕೆ ಬಂದ ಉಡುಗೊರೆ ಎಲ್ಲಾ ಗೊಂಬೆ, ಮೇಕಪ್ ಸೆಟ್, ಅಡಿಗೆ ಸೆಟ್. ಜೋಡಿಸಿ ಕಟ್ಟುವ ಆಟಿಕೆ ಒಂದೂ ಇರಲಿಲ್ಲ. ಬ್ಲಾಕ್, ಪಜಲ್ ಆಡುವ ಮಕ್ಕಳಿಗೆ ಆಕಾರ, ಅಳತೆ, ದಿಕ್ಕು ಬೇಗ ತಿಳೀತದೆ, ಮುಂದೆ ಗಣಿತಕ್ಕೂ ಅದು ಬೇಕು. ಗೊಂಬೆ ಆಡುವ ಮಕ್ಕಳು ಇನ್ನೊಬ್ಬರ ನೋವು, ಹಸಿವು ಯೋಚಿಸೋದು ಕಲೀತಾರೆ. ಅರ್ಧ ಕಲಿಕೆ ಅವಳಿಗೆ, ಇನ್ನರ್ಧ ಅವನಿಗೆ ಅಂತ ಹಂಚೋದು ಅನ್ಯಾಯ ಅಲ್ವಾ?

ಈಗ ಯಾರು ಏನು ತರಲಿ ಅಂತ ಕೇಳಿದರೂ ನಾನೇ ಹೇಳಿಬಿಡ್ತೀನಿ, ಬ್ಲಾಕ್ ತನ್ನಿ, ಬ್ಯಾಟ್ ತನ್ನಿ. ನಮ್ಮೂರಿನ ರಾಜೇಶ್ವರಿ ಗಾಯಕ್ವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ಮಗಳಿಗೆ ಆ ವಿಡಿಯೋ ತೋರಿಸಿದೆ, ಬಾಲ್ ಕೆಳಗಿಡ್ತಿಲ್ಲ.

ಅಂಗಡಿಯವರ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ ದೊಡ್ಡ ಅಂಗಡಿಗಳು ಹುಡುಗ-ಹುಡುಗಿ ಅಂತ ಭೇದ ಇಲ್ಲದ ಆಟಿಕೆ ವಿಭಾಗ ಇಡಲೇಬೇಕು ಅಂತ ಕಾನೂನಿದೆ. ನಮಗೆ ಅಷ್ಟೆಲ್ಲಾ ಬೇಕಾಗಿಲ್ಲ. "ಹುಡುಗನಿಗಾ, ಹುಡುಗಿಗಾ?" ಅಂತ ಕೇಳಿದರೆ "ನಾಲ್ಕು ವರ್ಷದ ಮಗುವಿಗೆ" ಅನ್ನಿ. ಆಗ ಅವರು ತೆಗೆದು ತೋರಿಸುವ ಸಾಮಾನೇ ಬೇರೆ ಆಗ್ತದೆ.

ಜಮಖಂಡಿಯಿಂದ

ಮೇಲಿನವರ ಮಾತು ಒಪ್ತೀನಿ, ಆದರೆ ಒಂದು ಎಚ್ಚರ. ನನ್ನ ಮಗನೂ ಗುಲಾಬಿ ನೀರಿನ ಬಾಟಲಿ ತಗೊಂಡು ಹೋಗ್ತಿದ್ದ. ಒಂದಿಷ್ಟು ದಿನ ಆದ ಮೇಲೆ ಬೇರೆ ಬೇಕು ಅಂದ. ವ್ಯಾನ್‌ನಲ್ಲಿ ದೊಡ್ಡ ಹುಡುಗರು ಕಾಡಿಸಿದ್ದರು. ನನ್ನ ಯಜಮಾನರು "ಹೆದರಬೇಡ, ಅದನ್ನೇ ಒಯ್ಯಿ" ಅಂದರು. ನಾನು ಬೇಡ ಅಂದೆ. ಶಾಲೆಯಲ್ಲಿ ನಿಂತು ಉತ್ತರ ಕೊಡಬೇಕಾದವನು ಅವನು, ನಾವಲ್ಲ. ಹಸಿರು ಬಾಟಲಿ ತಂದುಕೊಟ್ಟೆ, ಗುಲಾಬಿಯದು ಮನೆಯಲ್ಲಿ ಬಳಸಿದ. ವ್ಯಾನ್ ಡ್ರೈವರ್ ಕಾಕಾಗೆ ಹೇಳಿ ಅವನನ್ನು ಮುಂದಿನ ಸೀಟಿಗೆ ಕೂಡಿಸಿದೆ. ಆ ಹುಡುಗರ ಮನೆಯವರ ಜೊತೆಯೂ ಮಾತಾಡಿದೆ. ಒಬ್ಬರ ತಾಯಿ ತಾವೇ ಮಗನನ್ನು ಕರ್ಕೊಂಡು ನಮ್ಮ ಮನೆಗೆ ಬಂದರು, ಈಗ ಇಬ್ಬರೂ ಕೂಡಿ ಆಡ್ತಾರೆ.

ಗುಲಾಬಿ ಬ್ಯಾಗ್ ಈಗ ತನ್ನಿ ತಂಗಿ. ಎರಡು ತಿಂಗಳಿಗೆ ಅವನೇ ಬೇರೆ ಬಣ್ಣ ಕೇಳಿದರೆ ಯಾರಾದರೂ ಏನಾದರೂ ಅಂದರಾ ಅಂತ ಮೆಲ್ಲಗೆ ವಿಚಾರಿಸಿ. ಅಂದಿದ್ದರೆ ಟೀಚರ್ ಹತ್ತಿರ ಹೋಗಿ. ಏನೂ ಇಲ್ಲ, ಸುಮ್ನೆ ಮನಸ್ಸು ಬದಲಾಗಿದೆ ಅಂದರೆ ಮುಂದಿನ ವರ್ಷ ಅವನು ಕೇಳಿದ್ದನ್ನೇ ಕೊಡಿಸಿ.