ಮಳೆಗಾಲದಲ್ಲಿ ಒಮ್ಮೆಲೇ ಸೊರಗುವ ಕಾಳುಮೆಣಸಿನ ಬಳ್ಳಿ

ಪ್ರಶ್ನೆ: ಮಾನ್ಯರೇ, ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಹನ್ನೆರಡು ವರ್ಷದ ಪಣಿಯೂರು-1 ತಳಿಯ ಮೆಣಸಿನ ಬಳ್ಳಿಗಳಿವೆ. ಕಳೆದ ಆಗಸ್ಟ್‌ನಲ್ಲಿ ತೋಟದ ಕೆಳಭಾಗದ ಹದಿನಾಲ್ಕು ಬಳ್ಳಿಗಳು ಮೂರೇ ವಾರದಲ್ಲಿ ಎಲೆ, ತೆನೆಗಳನ್ನೆಲ್ಲ ಉದುರಿಸಿ ಸತ್ತುಹೋದವು. ಅಡಿಕೆಗೆ ಮದ್ದು ಹೊಡೆಸುವಾಗ ಬಳ್ಳಿಯ ಎಲೆಗಳಿಗೂ ಬೋರ್ಡೋ ದ್ರಾವಣ ಹೊಡೆಸಿದ್ದೆ. ಆದರೂ ಹೀಗೇಕಾಯಿತು? ಅದೇ ಜಾಗದಲ್ಲಿ ಈ ಮಳೆಗಾಲಕ್ಕೆ ಹೊಸ ಬಳ್ಳಿ ನೆಡಬಹುದೇ?

ಉತ್ತರ: ಫಲ ಕೊಡುವ ಬಳ್ಳಿಗಳು ಕಣ್ಣೆದುರೇ ಸಾಯುವ ನೋವು ನನಗೆ ಅರ್ಥವಾಗುತ್ತದೆ. ನೀವು ಹೇಳಿದ ಲಕ್ಷಣಗಳು ಶೀಘ್ರ ಸೊರಗು ರೋಗವನ್ನೇ ಸೂಚಿಸುತ್ತವೆ. ಇದಕ್ಕೆ ಕಾರಣವಾದ ಫೈಟೊಫ್ತೋರಾ ರೋಗಾಣು ಮಣ್ಣಿನಲ್ಲಿ ಉಳಿದುಕೊಂಡಿದ್ದು, ನೀರು ನಿಂತಾಗ ಅದರ ಬೀಜಕಣಗಳು ಈಜಿಕೊಂಡು ಬಂದು ಬೇರನ್ನೂ ಬುಡವನ್ನೂ ಸೇರುತ್ತವೆ. ಎಲೆಗೆ ಹೊಡೆದ ಮದ್ದು ಎಲೆಯನ್ನಷ್ಟೇ ಕಾಯುತ್ತದೆ. ಕೆಳಭಾಗದ ಬಳ್ಳಿಗಳೇ ಸತ್ತಿರುವುದರಿಂದ ಅಲ್ಲಿಯ ಕಾದಿಗೆಯಲ್ಲಿ, ಅಂದರೆ ನೀರು ಬಸಿಯುವ ಕಾಲುವೆಯಲ್ಲಿ, ಹೂಳು ತುಂಬಿ ನೀರು ನಿಂತಿರಬಹುದೆಂಬ ಅನುಮಾನ ನನಗಿದೆ.

ಖಚಿತಪಡಿಸಿಕೊಳ್ಳಲು, ಸೊರಗುತ್ತಿರುವ ಬಳ್ಳಿಯ ಬುಡದ ತೊಗಟೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಕಪ್ಪಾಗಿ ಕೊಳೆತಿದ್ದರೆ ಇದೇ ರೋಗ. ಮಳೆ ನಿಂತ ಮೇಲೆ ಎಲೆ ಹಳದಿಯಾಗಿ, ಮುಂದಿನ ಮಳೆಗೆ ಚಿಗುರಿ, ವರ್ಷದಿಂದ ವರ್ಷಕ್ಕೆ ಬಳ್ಳಿ ಕ್ಷೀಣಿಸುವುದು ನಿಧಾನ ಸೊರಗು ರೋಗ. ಅದರಲ್ಲಿ ಬೇರನ್ನು ಕಾಡುವ ಸೂಕ್ಷ್ಮ ಜಂತುಹುಳುಗಳ (ನೆಮಟೋಡ್) ಪಾತ್ರ ದೊಡ್ಡದು.

ಮೇ ತಿಂಗಳೊಳಗೆ ಕಾದಿಗೆಯ ಹೂಳು ತೆಗೆಸಿ. ನೆಲದ ಮೇಲೆ ಹರಿದ ಹಬ್ಬು ಬಳ್ಳಿಗಳನ್ನು ಕತ್ತರಿಸಿ ಅಥವಾ ಮರಕ್ಕೆ ಎತ್ತಿ ಕಟ್ಟಿ, ಏಕೆಂದರೆ ಮಣ್ಣಿನ ಹನಿ ಸಿಡಿದು ರೋಗ ಮೊದಲು ಹತ್ತುವುದು ಅವುಗಳ ಎಳೆಯ ಎಲೆಗೆ. ಒಂದೆರಡು ಮಳೆ ಬಿದ್ದ ಮೇಲೆ ಎಲೆಗಳಿಗೆ ಶೇ 1ರ ಬೋರ್ಡೋ ಸಿಂಪಡಿಸಿ, ಬುಡದ ಸುತ್ತ ಒಂದೂವರೆ ಅಡಿಯವರೆಗೆ ಲೀಟರ್ ನೀರಿಗೆ 2 ಗ್ರಾಂನಂತೆ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ, ಬಳ್ಳಿಯೊಂದಕ್ಕೆ 5ರಿಂದ 10 ಲೀಟರ್ ಸುರಿಯಿರಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಎರಡನ್ನೂ ಪುನರಾವರ್ತಿಸಬೇಕು.

ಬೋರ್ಡೋ ತಯಾರಿಯಲ್ಲಿ ಅವಸರ ಬೇಡ. 1 ಕೆಜಿ ಮೈಲುತುತ್ತವನ್ನು 50 ಲೀಟರ್, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ತೊಳೆದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ತಯಾರಿಸಿದ ದಿನವೇ ಬಳಸಿ.

ಸತ್ತ ಬಳ್ಳಿಗಳನ್ನು ಬೇರುಸಹಿತ ಕಿತ್ತು ಸುಡಿ. ಅದೇ ಗುಂಡಿಯಲ್ಲಿ ಈ ವರ್ಷ ನೆಡುವುದನ್ನು ನಾನು ಒಪ್ಪುವುದಿಲ್ಲ. ಮುಂದೆ ನೆಡುವಾಗ ರೋಗ ಸಹಿಸಬಲ್ಲ, ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಶಕ್ತಿ ಅಥವಾ ತೇವಂ ತಳಿ ಆರಿಸಿ. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿರುವ ಅದೇ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಸಸಿಗಳ ಬಗ್ಗೆ ವಿಚಾರಿಸಬಹುದು.

ಮರುಪ್ರಶ್ನೆ: ಹಿಪ್ಪಲಿ ಬೇರಿನ ಮೇಲೆ ಮೆಣಸನ್ನು ಕಸಿ ಮಾಡಿದ ಗಿಡಕ್ಕೆ ಈ ರೋಗ ಬರುವುದಿಲ್ಲವೆನ್ನುತ್ತಾರೆ. ನಮ್ಮ ಕೆಳಭಾಗದ ಜೌಗಿಗೆ ಅದು ಸರಿಹೋದೀತೇ?

ಉತ್ತರ: ಸರಿಹೋಗುತ್ತದೆ, ಆದರೆ ಬೇಸಿಗೆಯಲ್ಲಿಯೂ ತೇವ ಉಳಿಯುವ ಜಾಗವಾಗಿರಬೇಕು. ದಕ್ಷಿಣ ಅಮೆರಿಕ ಮೂಲದ ಆ ಹಿಪ್ಪಲಿಯ ಬೇರಿಗೆ ರೋಗ ತಟ್ಟದಿದ್ದರೂ ಅದು ಬರ ತಾಳದು. ಕಸಿಯ ಗಂಟು ಮಣ್ಣಿನಲ್ಲಿ ಹೂಳದಂತೆ ನೆಟ್ಟು, ಗಂಟಿನ ಕೆಳಗಿನ ಹಿಪ್ಪಲಿ ಚಿಗುರನ್ನು ಆಗಾಗ ಚಿವುಟುತ್ತಿರಬೇಕು. ಮೇಲಿನ ಭಾಗ ನಮ್ಮ ಮೆಣಸೇ ಆದ್ದರಿಂದ ಎಲೆಗೆ ಬೋರ್ಡೋ ತಪ್ಪಿಸುವಂತಿಲ್ಲ. ಆ ಮೆಣಸಿನ ಬಳ್ಳಿ ಜೋತುಬಿದ್ದು ನೆಲದಲ್ಲಿ ಬೇರು ಬಿಟ್ಟರೆ ಆ ಬೇರಿನ ಮೂಲಕವೇ ರೋಗ ಒಳಸೇರುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಪ್ರತಿ ಬುಡವನ್ನೂ ಬಗ್ಗಿ ನೋಡಿ.