ಶಿಡ್ಲಘಟ್ಟ ಕಡೆ ಜಮೀನಿಗೆ ಸ್ವಾಧೀನದ 28(2) ನೋಟಿಸ್ (ರಾಜ್ಯದ 1966ರ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆ) ಬಂದಿದೆ. ಕೊಡುವುದಾ, ಬೇಡವಾ? ಅನುಭವ ಇದ್ದವರು ಹೇಳಿ

ಹಿಪ್ಪುನೇರಳೆ ತೋಟ: ಅಪ್ಪನ ಹೆಸರಲ್ಲಿ 2 ಎಕರೆ 10 ಗುಂಟೆ. ಹುಳು ಮನೆ, ಒಂದು ಬೋರು ಇದೆ. ಕೈಗಾರಿಕಾ ಪ್ರದೇಶಕ್ಕೆ ಬೇಕಂತೆ. ಆಕ್ಷೇಪಣೆಗೆ 30 ದಿನ ಕೊಟ್ಟಿದ್ದಾರೆ. ಅಪ್ಪ ಕೊಡಲ್ಲ ಅನ್ನುತ್ತಾರೆ. ತಮ್ಮ ಕೊಟ್ಟುಬಿಡೋಣ ಅನ್ನುತ್ತಾನೆ. ನಿಮಗೆ ಏನಾಯಿತು?

ನರಸಾಪುರದ ಪಕ್ಕದೂರು: ನಾವು ಕೊಟ್ಟೆವು. ರೇಟು ಒಪ್ಪಿ 29(2)ರಲ್ಲಿ, ಅಂದರೆ ಒಪ್ಪಂದದ ಪರಿಹಾರದ ಕಲಮಿನಲ್ಲಿ, ಸಹಿ ಹಾಕಿಸಿಕೊಂಡರು. ಆಮೇಲೆ ಶುರುವಾಯಿತು ಅಲೆದಾಟ. ಪಹಣಿ ಜಂಟಿ, ಪೋಡಿ (ಪಾಲು ಅಳೆದು ಬೇರೆ ನಂಬರ್ ಮಾಡುವುದು) ಆಗಿಲ್ಲ ಅಂತ ಫೈಲು ವಾಪಸ್. ಸರ್ವೆಗೆ 18 ಸಾವಿರ, ವಂಶವೃಕ್ಷ, ಇಸಿ (ಋಣಭಾರ ಪತ್ರ) ಓಡಾಟಕ್ಕೆ 7,500, ವಕೀಲರಿಗೆ 60 ಸಾವಿರ. ಅಷ್ಟರಲ್ಲಿ ಅತ್ತೆಯ ಮಕ್ಕಳು ಪಾಲು ಕೇಳಿ ತಕರಾರು ಹಾಕಿದರು, ದುಡ್ಡು ಕೋರ್ಟಿನಲ್ಲಿ ಕೂತಿತು. ಬೋರು 1,350 ಅಡಿ, ಮೋಟಾರು ಪೈಪು ಸೇರಿ ನಮಗೆ ಬಿದ್ದಿದ್ದು 5 ಲಕ್ಷ 80 ಸಾವಿರ. ಅವರು ಕಟ್ಟಿದ ಬೆಲೆ 1 ಲಕ್ಷ 10 ಸಾವಿರ! ಒಪ್ಪಿ ಸಹಿ ಮಾಡಿದ ಮೇಲೆ ಜಾಸ್ತಿ ಕೇಳಿ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು. ಬಂದ ದುಡ್ಡಿಗೆ ಮುಳಬಾಗಿಲು ಕಡೆ ಸಿಕ್ಕಿದ್ದು ಅರ್ಧದಷ್ಟು ಜಮೀನು.

ಜಂಗಮಕೋಟೆ ಹೋಬಳಿ: ನಾವು ಕೊಡಲ್ಲ ಅಂತಲೇ ಬರೆದು ಕೊಟ್ಟಿದ್ದೇವೆ. ಗೂಡು ಮಾರಿದ ಬಿಲ್ಲು, ಡ್ರಿಪ್ ಸಬ್ಸಿಡಿ ಕಾಗದ ಎಲ್ಲ ಲಗತ್ತಿಸಿದ್ದೇವೆ. ದೇವನಹಳ್ಳಿಯ ಚನ್ನರಾಯಪಟ್ಟಣದವರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. 2025ರ ಜುಲೈ 15ಕ್ಕೆ ಸರ್ಕಾರ 1,777 ಎಕರೆ ಕೈಬಿಟ್ಟಿತು. ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ಜಮೀನು ತೆಗೆದುಕೊಳ್ಳಲು ನೂರಕ್ಕೆ 80 ಮಂದಿ ಒಪ್ಪಬೇಕು. ಅದಕ್ಕೇ ರಾಜ್ಯದ 1966ರ ಕಾಯ್ದೆ ಹಿಡಿದು ಬರುತ್ತಾರೆ. ಅದರಲ್ಲಿ ಒಪ್ಪಿಗೆ ಕೇಳುವ ಕಲಮೇ ಇಲ್ಲ. ಆ ಕಲಮು ಸೇರುವ ತನಕ ಒಂದು ಗುಂಟೆಯೂ ಕೊಡಬಾರದು. ಕೊಟ್ಟವರಿಂದಲೇ ಉಳಿದವರ ಬಲ ಮುರಿಯುವುದು.

ವಸಂತನರಸಾಪುರ ಕಡೆಯವ: ಕೊಟ್ಟವರ ಮೇಲೆ ಹಾಕಬೇಡಿ. ನಮ್ಮದು ಮಳೆ ನಂಬಿದ ರಾಗಿ ಹೊಲ. ಕೊಟ್ಟು ಗುಬ್ಬಿ ಹತ್ತಿರ ತೆಂಗಿನ ತೋಟ ತೆಗೆದುಕೊಂಡೆ. ಮಗಳ ನರ್ಸಿಂಗ್ ಓದು ಮುಗಿಯಿತು. ನನಗೆ ಹೆಮ್ಮೆಯೇ ಇದೆ. ಮಗನ ವಿಷಯ ಬೇರೆ. ಜಮೀನು ಕೊಟ್ಟವರಿಗೆ ಕೆಲಸ ಅಂದರು, ಗುತ್ತಿಗೆಯಲ್ಲಿ 14,500ಕ್ಕೆ ಇಟ್ಟುಕೊಂಡು ಎರಡು ವರ್ಷಕ್ಕೆ ಬಿಡಿಸಿದರು.

ಜಂಗಮಕೋಟೆ ಹೋಬಳಿ: ನಿಮಗೆ ತೋಟ ಸಿಕ್ಕಿತು, ಸರಿ. ನಿಮ್ಮೂರಲ್ಲಿ ಕೂಲಿಗೆ ಹೋಗುತ್ತಿದ್ದ ಹೆಂಗಸರಿಗೆ ಏನು ಸಿಕ್ಕಿತು?

ವಸಂತನರಸಾಪುರ ಕಡೆಯವ: ಅದಕ್ಕೆ ನಾನು ಜವಾಬ್ದಾರನಾ? ನಿಮ್ಮ ಹೋಬಳಿಯಲ್ಲೂ ಕೊಡುತ್ತೇವೆ ಅಂತ ಅರ್ಜಿ ಹಿಡಿದವರು ಇದ್ದಾರೆ. ಮೊದಲು ಅವರನ್ನು ಕೇಳಿ.

ಜಂಗಮಕೋಟೆ ಹೋಬಳಿ: ಕೇಳಿದ್ದೇನೆ. ಅವರಲ್ಲಿ ಎಷ್ಟೋ ಜನ ಬೆಂಗಳೂರಿಂದ ಬಂದು ಮೊನ್ನೆ ಮೊನ್ನೆ ಕೊಂಡವರು.

ಗೌರಿಬಿದನೂರು ಸಾಗುವಳಿದಾರ: ನಿಮ್ಮ ಜಗಳದಲ್ಲಿ ನಮ್ಮಂಥವರು ಕಾಣುವುದೇ ಇಲ್ಲ. ತಾತನ ಕಾಲದಿಂದ ಉಳುತ್ತಿದ್ದೇವೆ. ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನ ಸಾಗುವಳಿ. ಸಕ್ರಮ ಮಾಡಿ ಅಂತ ನಮೂನೆ 57 ಅರ್ಜಿ ಹಾಕಿದ್ದು ಹಾಗೇ ಇದೆ. ಪಹಣಿಯಲ್ಲಿ ಸರ್ಕಾರಿ. ಜಮೀನು ಹೋಯಿತು, ಪರಿಹಾರ ಸೊನ್ನೆ. ಬೆಳೆದು ನಿಂತಿದ್ದ ಹುಣಸೆ ಮರಕ್ಕೂ ಒಂದು ಪೈಸೆ ಬರಲಿಲ್ಲ. ಕೊಡುವುದಾ ಬೇಡವಾ ಅಂತ ನಮ್ಮನ್ನು ಯಾರೂ ಕೇಳಲೇ ಇಲ್ಲ.

ನರಸಾಪುರದ ಪಕ್ಕದೂರು: ಕೋರ್ಟು ಸುಮ್ನೆ ಇಲ್ಲ. ಬೆಂಗಳೂರು–ಮೈಸೂರು ಕಾರಿಡಾರ್‌ಗೆ 2003ರಲ್ಲಿ ಅಧಿಸೂಚನೆ ಆದ ಜಮೀನಿಗೆ 2019ರ ಬೆಲೆ ಕಟ್ಟಿ ಕೊಡಿ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಟಾಟಾ ಕಾರು ಕಾರ್ಖಾನೆಗೆ ತೆಗೆದುಕೊಂಡಿದ್ದ ಜಮೀನನ್ನೇ ವಾಪಸ್ ಕೊಡಿಸಿತು, 2016ರಲ್ಲಿ.

ವಸಂತನರಸಾಪುರ ಕಡೆಯವ: ಸಿಂಗೂರಿಗೆ ಹತ್ತು ವರ್ಷ, ಕಾರಿಡಾರ್‌ನವರಿಗೆ ಇಪ್ಪತ್ತೆರಡು. ಅಷ್ಟು ವರ್ಷ ಯಾರು ತಡೆಯುತ್ತಾರೆ? ಬಡ್ಡಿ ಯಾರು ಕಟ್ಟುತ್ತಾರೆ?

ಹಿಪ್ಪುನೇರಳೆ ತೋಟ: ದಯವಿಟ್ಟು ಒಂದು ಹೇಳಿ. ಆಕ್ಷೇಪಣೆಗೆ ತಮ್ಮನ ಸಹಿಯೂ ಬೇಕಾ?

ಜಂಗಮಕೋಟೆ ಹೋಬಳಿ: ಬೇಡ. ಖಾತೆ ಅಪ್ಪನದು, ಅವರ ಸಹಿ ಸಾಕು. 28(3)ರಲ್ಲಿ ಖುದ್ದು ವಿಚಾರಣೆ ಬೇಕು ಅಂತ ಅದರಲ್ಲೇ ಬರೆಯಿರಿ. ಸೀಲು, ತಾರೀಕು ಹಾಕಿದ ನಕಲು ಕೈಗೆ ಸಿಗದೆ ಅಲ್ಲಿಂದ ಏಳಬೇಡಿ.