ನಿಯಮ ಬಾಯಿಗೆ ಬರುತ್ತದೆ, ಬರೆಯುವಾಗ ಮಾತ್ರ ತಪ್ಪುತ್ತದೆ: ಇಂಗ್ಲಿಷ್ ವ್ಯಾಕರಣದ ಅಭ್ಯಾಸ ಹೇಗೆ?

ಪ್ರಶ್ನೆ: ಹಾವೇರಿಯ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತ, ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಐಬಿಪಿಎಸ್ ನಡೆಸುವ ಈ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿನ 30 ಪ್ರಶ್ನೆಗಳನ್ನು 20 ನಿಮಿಷಗಳಲ್ಲಿ ಮುಗಿಸಬೇಕು. ಒಂದೊಂದು ತಪ್ಪು ಉತ್ತರಕ್ಕೂ ಕಾಲು ಅಂಕ ಕಳೆಯುತ್ತಾರೆ. ವ್ಯಾಕರಣದ ಪುಸ್ತಕವನ್ನು ಎರಡು ಬಾರಿ ಓದಿದ್ದೇನೆ, ಟೆನ್ಸ್‌ಗಳ ಕೋಷ್ಟಕ ಬಾಯಿಪಾಠವಾಗಿದೆ. ಹೀಗಿದ್ದರೂ ಕಳೆದ ವಾರ ಮೇಲಧಿಕಾರಿಗೆ ಕಳುಹಿಸಿದ ಮೇಲ್‌ನಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಫ್ರಮ್ ಟೂ ಇಯರ್ಸ್’ ಎಂದೂ ‘ಐ ಡಿಡ್ ನಾಟ್ ರಿಸೀವ್ಡ್ ದಿ ಲೆಟರ್’ ಎಂದೂ ಬರೆದಿದ್ದೆ. ಅವರು ಅದನ್ನು ಪ್ರಿಂಟ್ ತೆಗೆಸಿ, ಎರಡು ಕಡೆ ಕೆಂಪು ಗೆರೆ ಎಳೆದು, ಏನೂ ಹೇಳದೆ ನನ್ನ ಮೇಜಿನ ಮೇಲಿಟ್ಟು ಹೋದರು. ಗೆರೆ ಕಂಡ ಮೇಲೆ ಎರಡೂ ತಪ್ಪುಗಳು ನನಗೇ ತಿಳಿದವು. ತಿಳಿದಿರುವ ನಿಯಮ ಕೈಗೆ ಇಳಿಯಬೇಕಾದರೆ ಯಾವ ಬಗೆಯ ಅಭ್ಯಾಸ ಮಾಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಮೇಷ್ಟ್ರು, ಶಿರಸಿ

ನಿಮ್ಮ ವಾಕ್ಯಗಳನ್ನು ಓದುತ್ತಿದ್ದಂತೆ ಅವುಗಳ ಹಿಂದಿನ ಕನ್ನಡ ನನ್ನ ಕಿವಿಗೆ ಬಿದ್ದಿತು. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ನಮ್ಮಲ್ಲಿ ಏನೂ ದೋಷವಿಲ್ಲದ ಮಾತು. ಅದನ್ನೇ ನೀವು ಪದಕ್ಕೆ ಪದ ಇಟ್ಟು ದಾಟಿಸಿದ್ದೀರಿ. ನಮ್ಮ ‘ಇಂದ’ ಬಹಳ ದುಡಿಯುವ ಪ್ರತ್ಯಯ. ಹಾವೇರಿಯಿಂದ ಬಂದೆ, ಚಾಕುವಿನಿಂದ ಕೊಯ್ದೆ, ಸೋಮವಾರದಿಂದ ಜ್ವರ, ಎರಡು ದಿನದಿಂದ ಜ್ವರ ಎನ್ನುವಾಗ ನಾಲ್ಕು ಕಡೆಯೂ ಅದೊಂದೇ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಅವು ಕ್ರಮವಾಗಿ ಫ್ರಮ್, ವಿತ್, ಸಿನ್ಸ್, ಫಾರ್ ಆಗುತ್ತವೆ. ಕಾಲ ಎಲ್ಲಿ ಶುರುವಾಯಿತು ಎಂದು ಹೇಳಿದರೆ ಸಿನ್ಸ್, ಎಷ್ಟು ಕಾಲ ಎಂದು ಅಳೆದರೆ ಫಾರ್. ಎರಡರ ಜೊತೆಗೂ ‘ಐ ಹ್ಯಾವ್ ಬೀನ್ ವರ್ಕಿಂಗ್’ ಬರಬೇಕು, ಏಕೆಂದರೆ ಹಿಂದೆ ಆರಂಭವಾದ ಕೆಲಸ ಇಂದಿಗೂ ನಡೆದಿದೆ.

ಎರಡನೆಯ ತಪ್ಪಿಗೆ ಮದ್ದು ಕನ್ನಡದಲ್ಲೇ ಇದೆ. ‘ಪತ್ರ ತಲುಪಿತು’ ಎಂಬುದನ್ನು ನಿಷೇಧಕ್ಕೆ ತಿರುಗಿಸಿ ನೋಡಿ: ‘ತಲುಪಲಿಲ್ಲ’. ‘ಬಂದನು’ ಎಂಬುದು ‘ಬರಲಿಲ್ಲ’ ಆಗುತ್ತದೆಯೇ ಹೊರತು, ‘ಬಂದಲಿಲ್ಲ’ ಎಂದು ನಾಲ್ಕು ವರ್ಷದ ಮಗುವೂ ಹೇಳುವುದಿಲ್ಲ. ‘ಇಲ್ಲ’ ಬಂದೊಡನೆ ನಮ್ಮ ಕ್ರಿಯಾಪದ ತನ್ನ ಭೂತಕಾಲದ ಗುರುತನ್ನು ಬಿಟ್ಟು ಮೂಲರೂಪದತ್ತ ಸರಿಯುತ್ತದೆ. ಇಂಗ್ಲಿಷಿನ ‘ಡಿಡ್ ನಾಟ್’ ಮಾಡುವುದೂ ಅದನ್ನೇ: ಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ರಿಸೀವ್’ ಎಂದರೆ ಸಾಕು, ‘ರಿಸೀವ್ಡ್’ ಬೇಡ. ತರಗತಿಯಲ್ಲಿ ‘ಡಿಡ್ ನಾಟ್ ವೆಂಟ್’ ಎಂದು ಯಾರಾದರೂ ಬರೆದರೆ ಪಕ್ಕದಲ್ಲಿ ‘ಹೋದಲಿಲ್ಲ’ ಎಂದು ಬರೆದು ತೋರಿಸುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು, ಬರೆದವನೂ ನಗುತ್ತಿದ್ದ, ಆಮೇಲೆ ಅವನು ಆ ತಪ್ಪು ಮಾಡಿದ್ದು ನನಗೆ ನೆನಪಿಲ್ಲ.

ಅಭ್ಯಾಸಕ್ಕೆ ಇನ್ನೊಂದು ಪುಸ್ತಕ ಕೊಳ್ಳಬೇಡಿ. ಇನ್ನೂರು ಪುಟದ ನೋಟ್‌ಬುಕ್ಕಿನ ಎಡಪುಟದಲ್ಲಿ ಆ ದಿನ ಕಚೇರಿಯಲ್ಲಿ ನೀವೇ ಆಡಿದ ಐದು ಕನ್ನಡ ವಾಕ್ಯಗಳನ್ನು ಬರೆಯಿರಿ, ಬಲಪುಟದಲ್ಲಿ ಅವುಗಳ ಇಂಗ್ಲಿಷ್ ಬರೆಯಿರಿ, ಮಾರನೆಯ ಬೆಳಿಗ್ಗೆ ಎದ್ದು ತಿದ್ದಿರಿ. ಬರೆದ ರಾತ್ರಿಯೇ ತಿದ್ದಲು ಕೂತರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಉತ್ತರ: ಕರಡು ತಿದ್ದುವವಳು, ಮೈಸೂರು

ಮೇಷ್ಟ್ರ ಮಾತಿಗೆ ಆರ್ಟಿಕಲ್‌ಗಳ ವಿಚಾರವನ್ನು ಸೇರಿಸುತ್ತೇನೆ, ಏಕೆಂದರೆ ನಾನು ತಿದ್ದುವ ಬರಹಗಳಲ್ಲಿ ಕನ್ನಡಿಗರು ಹೆಚ್ಚು ಎಡವುವುದು ಅಲ್ಲಿಯೇ. ಕನ್ನಡದಲ್ಲಿ ‘ದಿ’ ಎಂಬುದಕ್ಕೆ ಸಮನಾದ ಪದವಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಪದವಿಲ್ಲದಿದ್ದರೂ ಭಾವವಿದೆ. ‘ಪುಸ್ತಕ ಕೊಂಡೆ’ ಎಂದರೆ ಯಾವುದೋ ಒಂದು ಪುಸ್ತಕ, ‘ಪುಸ್ತಕವನ್ನು ಕೊಂಡೆ’ ಎಂದರೆ ನಮ್ಮಿಬ್ಬರಿಗೂ ಗೊತ್ತಿರುವ ಪುಸ್ತಕ ಎಂಬ ಧ್ವನಿ ಸಾಮಾನ್ಯವಾಗಿ ಹೊರಡುತ್ತದೆ. ‘ಒಂದು ಅರ್ಜಿ ಬಂದಿತು, ಅರ್ಜಿಯನ್ನು ಓದಿದೆ’ ಎಂಬಲ್ಲಿ ಮೊದಲನೆಯದಕ್ಕೆ ‘ಆ್ಯನ್’, ಎರಡನೆಯದಕ್ಕೆ ‘ದಿ’. ಕರ್ಮಪದದಲ್ಲಿ ಮಾತ್ರ ಸಿಗುವ ಸುಳಿವು ಇದು, ಅಲ್ಲಿಯೂ ಎಲ್ಲ ಸಲ ಹೊಂದುವುದಿಲ್ಲ. ಆದರೂ ಕಿವಿಯನ್ನು ಹದಗೊಳಿಸುತ್ತದೆ.

‘ಎ’ ಮತ್ತು ‘ಆ್ಯನ್’ ಗೊಂದಲವಿದ್ದರೆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಗಂಟೆ ಎಂಬರ್ಥದ ‘ಅವರ್’ ಸ್ವರದಿಂದ ಶುರುವಾಗುತ್ತದೆ, ಆದ್ದರಿಂದ ‘ಆ್ಯನ್ ಅವರ್’, ‘ಯೂನಿವರ್ಸಿಟಿ’ ಯಕಾರದಿಂದ, ಆದ್ದರಿಂದ ‘ಎ ಯೂನಿವರ್ಸಿಟಿ’, ‘ಎಂಎಲ್‌ಎ’ಗೆ ‘ಆ್ಯನ್’. ಇಂಗ್ಲಿಷ್ ಕಾಗುಣಿತ ಮುಚ್ಚಿಡುವ ಧ್ವನಿಯನ್ನು ನಮ್ಮ ಅಕ್ಷರ ಬಯಲಿಗೆ ತರುತ್ತದೆ.

ಉತ್ತರ: ಕೌಂಟರಿನ ಆಚೆಯವನು

ಮೇಡಂ ಹೇಳಿದ ಉಪಾಯ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ ಬೇಕು. ‘ಒನ್ ವೇ’ ಎಂದು ನಾವು ಒಕಾರದಿಂದ ಬರೆಯುತ್ತೇವೆ, ಉಚ್ಚಾರಣೆಯಲ್ಲಿರುವುದು ವಕಾರ. ಹಾಗಾಗಿ ‘ಎ ಒನ್ ವೇ ರೋಡ್’ ಎಂಬುದೇ ಸರಿ. ಹಾಗೆಯೇ ‘ಎಗ್’ ಅನ್ನು ‘ಯೆಗ್’ ಎಂದು ಎಳೆಯುವ ನಾಲಿಗೆ ನಮ್ಮದು. ಲಿಪಿಯನ್ನು ನಂಬುವ ಮೊದಲು ಉಚ್ಚಾರಣೆಯನ್ನು ಒಮ್ಮೆ ನಿಘಂಟಿನ ಆ್ಯಪ್‌ನಲ್ಲಿ ಕೇಳಿಸಿಕೊಳ್ಳಿ.

ನಾನು ಇದೇ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದವನು. ಪ್ರಶ್ನೆಗೆ ಸರಾಸರಿ ಸಿಗುವುದು 40 ಸೆಕೆಂಡು, ಅಷ್ಟರಲ್ಲಿ ನಿಯಮ ನೆನಪಿಸಿಕೊಳ್ಳುತ್ತ ಕೂರಲಾಗದು. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ‘ದಿ ಲಿಸ್ಟ್ ಆಫ್ ಮೆಂಬರ್ಸ್ ಆರ್ ರೆಡಿ’ ಎಂಬಂಥ ವಾಕ್ಯ ಕೊಡುತ್ತಾರೆ. ‘ಮೆಂಬರ್ಸ್’ ಪಕ್ಕದಲ್ಲೇ ಇರುವುದರಿಂದ ‘ಆರ್’ ಸರಿಯೆಂದೇ ತೋರುತ್ತದೆ. ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದರೆ ‘ಸದಸ್ಯರ ಪಟ್ಟಿ ಸಿದ್ಧವಾಗಿದೆ’ ಎಂದಾಗುತ್ತದೆ. ನಮ್ಮಲ್ಲಿ ‘ಸದಸ್ಯರ’ ಮುಂದೆ ಸರಿದು, ನಿಜವಾದ ಕರ್ತೃವಾದ ‘ಪಟ್ಟಿ’ ಕ್ರಿಯಾಪದದ ಹತ್ತಿರ ಬಂದು ನಿಲ್ಲುತ್ತದೆ. ‘ಸಿದ್ಧರಾಗಿದ್ದಾರೆ’ ಎನ್ನಲು ಬಾಯಿಯೇ ಬರುವುದಿಲ್ಲ, ಉತ್ತರ ‘ಈಸ್’.

ಪ್ರಶ್ನೆ ಕೇಳಿದವರಿಂದ: ಹಾವೇರಿಯ ಅಭ್ಯರ್ಥಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿಯೇ ನೋಟ್‌ಬುಕ್ ಶುರುಮಾಡಿ, ಬೆಳಿಗ್ಗೆ ಎದ್ದು ತಿದ್ದಿದೆ. ಐದರಲ್ಲಿ ಎರಡು ತಪ್ಪುಗಳನ್ನು ನಾನೇ ಹಿಡಿದೆ. ಒಂದು, ‘ಸಾಲದ ಬಗ್ಗೆ ಚರ್ಚಿಸಿದೆವು’ ಎಂಬುದಕ್ಕೆ ‘ಡಿಸ್ಕಸ್ಡ್ ಅಬೌಟ್ ದಿ ಲೋನ್’ ಎಂದು ಬರೆದದ್ದು. ‘ಬಗ್ಗೆ’ ಎಂಬುದು ಅಲ್ಲಿ ‘ಅಬೌಟ್’ ಆಗಿ ನುಸುಳಿತ್ತು. ಇನ್ನೊಂದು, ‘ಮೂರು ಫೈಲ್’ ಎಂದು ನಾವು ಹೇಳುವಂತೆಯೇ ‘ಥ್ರೀ ಫೈಲ್’ ಎಂದು ಬರೆದದ್ದು. ಉಳಿದ ಮೂರು ಸರಿಯಾಗಿವೆ ಎಂದುಕೊಂಡಿದ್ದೇನೆ: ‘ಐ ಹ್ಯಾವ್ ಸೆಂಟ್ ದಿ ಲೆಟರ್ ಯೆಸ್ಟರ್ಡೇ’, ‘ದಿ ಆಡಿಟರ್ ಡಿಡ್ ನಾಟ್ ಕಮ್’, ‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಂಡೇ’. ಮೇಷ್ಟ್ರು ಒಮ್ಮೆ ಕಣ್ಣಾಡಿಸಬೇಕು.

ಉತ್ತರ: ನಿವೃತ್ತ ಮೇಷ್ಟ್ರು, ಶಿರಸಿ

ಕೊನೆಯ ಎರಡು ಸರಿಯಾಗಿವೆ. ಮೊದಲನೆಯದರಲ್ಲಿ ಮತ್ತೆ ಕನ್ನಡ ಬಂದು ಕೂತಿದೆ: ‘ನಿನ್ನೆ ಕಳುಹಿಸಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ, ಆದರೆ ‘ಯೆಸ್ಟರ್ಡೇ’ ಎಂದು ಮುಗಿದುಹೋದ ದಿನವನ್ನು ಹೆಸರಿಸಿದ ಮೇಲೆ ಇಂಗ್ಲಿಷ್ ‘ಹ್ಯಾವ್ ಸೆಂಟ್’ ಅನ್ನು ಒಪ್ಪುವುದಿಲ್ಲ, ‘ಸೆಂಟ್’ ಎಂದಷ್ಟೇ ಬರೆಯಬೇಕು. ಅದನ್ನು ತಿದ್ದಿ, ನಾಳೆಯ ಐದು ವಾಕ್ಯಗಳನ್ನೂ ಇಲ್ಲಿಯೇ ಹಾಕಿ.